‘ಚಂದ್ರಗಿರಿ’ ಎಂದು ಬರೆದ ಹಳೆಯ ಫೋಟೊಗಳು: ಕಾಲವನ್ನೂ ಜಾಗವನ್ನೂ ಗುರುತಿಸುವುದು ಹೇಗೆ?

ಹೊಳೆಕರೆ_ಕುಂಬಳೆ

ನಮಸ್ಕಾರ. ಕುಂಬಳೆ ಸೀಮೆಯ ಒಂದು ಹಳೆ ಮನೆಯ ಅಟ್ಟದಿಂದ ಇಳಿಸಿದ ಮರದ ಪೆಟ್ಟಿಗೆಯಲ್ಲಿ ಕೆಲವು ಫೋಟೊಗಳು ಉಂಟು. ಅಳತೆ ತೆಗೆದು ಬರೆದಿದ್ದೇನೆ, ಗೊತ್ತಿರುವವರು ದಾರಿ ಹೇಳಬೇಕು.

ಮೊದಲನೆಯದು, ಸಣ್ಣ ರಟ್ಟಿಗೆ ಅಂಟಿಸಿದ 5 ಭಾವಚಿತ್ರಗಳು. ರಟ್ಟು 63×102 ಮಿಲಿಮೀಟರ್, ಫೋಟೊ ಸುಮಾರು 55×90. ರಟ್ಟು ತೆಳು, ಮೂಲೆಗಳು ಚೌಕ, ಹಿಂಬದಿ ಖಾಲಿ.

ಎರಡನೆಯದು, ದೊಡ್ಡ ರಟ್ಟಿನ ಮೇಲೆ ಎರಡು ದೃಶ್ಯಗಳು. ಎರಡೂ ಸುಮಾರು 24×29 ಸೆಂಟಿಮೀಟರ್. ಒಂದರಲ್ಲಿ ನೀರು, ಆಚೆ ದಡದ ಗುಡ್ಡದಲ್ಲಿ ಕೋಟೆಗೋಡೆ, ತೆಂಗಿನ ಮರಗಳು. ರಟ್ಟಿನ ಅಡಿಯಲ್ಲಿ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ‘ಚಂದ್ರಗಿರಿ’ ಎಂದು ಉಂಟು. ಇನ್ನೊಂದರಲ್ಲಿ ಕೋಟೆ ಮತ್ತು ಸಮುದ್ರ. ಬೇಕಲ ಇರಬೇಕೆಂದು ಮನೆಯವರ ಅಂದಾಜು. ಎರಡರಲ್ಲೂ ಆಕಾಶ ಬರೀ ಬಿಳಿ, ಗೋಡೆ ಸುಟ್ಟ ಹಾಗೆ ಕಪ್ಪು. ದೋಣಿಯಾಗಲಿ ಜನವಾಗಲಿ ಇಲ್ಲ. ಬಲಗಡೆ ಕೆಳಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ 37 ಎಂಬ ಸಂಖ್ಯೆ.

ಮೂರನೆಯದು, ಆರೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದದ ಒಂದು ಗಾಜಿನ ಪ್ಲೇಟು. ಕಂದು ಕೆನೆಬಣ್ಣ. ಒಂದು ಮೂಲೆಯಲ್ಲಿ ಲೇಪವೇ ಇಲ್ಲ.

ನಾಲ್ಕನೆಯದು, 108×165 ಮಿಲಿಮೀಟರಿನ ರಟ್ಟಿನಲ್ಲಿ ಒಂದು ಕುಟುಂಬದ ಚಿತ್ರ. ಮೂಲೆ ದುಂಡು, ಅಂಚಿಗೆ ಚಿನ್ನದ ಬಣ್ಣ. ಅದರಲ್ಲಿ ಗಂಡಸರ ಜನಿವಾರ ಬಲ ಹೆಗಲ ಮೇಲೆ ಕಾಣ್ತದೆ.

ಕೇಳಬೇಕಾದ್ದು ಇಷ್ಟು. ಇವು 1850ರ ದಶಕದವು ಎಂದು ಮನೆಯಲ್ಲಿ ಹೇಳುತ್ತಾರೆ, ಸಾಧ್ಯವೇ? ಹೊಳೆ ಯಾಕೆ ಖಾಲಿ, ಗೋಡೆ ಯಾಕೆ ಕಪ್ಪು? ಹುಳ ತಿಂದ ರಟ್ಟಿನಿಂದ ಫೋಟೊ ಬಿಡಿಸಬಹುದೇ? ಸ್ಕ್ಯಾನ್ ಮಾಡುವುದು ಹೇಗೆ? ಮಳೆಗಾಲಕ್ಕೆ ಎಲ್ಲಿ ಇಡುವುದು?

ಬೆಳ್ಳಿಲವಣ_ಮಂಜೇಶ್ವರ

ಮೊದಲೇ ಒಂದು ಮಾತು: ಯಾವುದನ್ನೂ ರಟ್ಟಿನಿಂದ ಬಿಡಿಸಬೇಡಿ, ಯಾವುದಕ್ಕೂ ನೀರು ಮುಟ್ಟಿಸಬೇಡಿ. ಉಳಿದದ್ದೆಲ್ಲ ನಿಧಾನಕ್ಕೆ ಆಗ್ತದೆ.

ಫೋಟೊದಲ್ಲಿ ಏನಿದೆ ಎಂದು ನೋಡುವ ಮೊದಲು ಫೋಟೊ ಯಾವುದರಿಂದ ಆಗಿದೆ ಎಂದು ನೋಡಿ. ಅಕ್ಕಸಾಲಿಗರು ಹಿಡಿಯುವ 10 ಪಟ್ಟಿನ ಲೂಪ್ ಸಾಕು, 30 ಪಟ್ಟಿನ ಸಣ್ಣ ಎಲ್‌ಇಡಿ ಮೈಕ್ರೋಸ್ಕೋಪ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಟಾರ್ಚನ್ನು ಓರೆಯಾಗಿ, ಫೋಟೊಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ಹಿಡಿದು, ಬಿಳಿ ಭಾಗವನ್ನು ನೋಡಬೇಕು. ಕಪ್ಪು ಭಾಗದಲ್ಲಿ ಏನೂ ತಿಳಿಯುವುದಿಲ್ಲ.

ಕಾಗದದ ನಾರು ಸ್ಪಷ್ಟವಾಗಿ ಕಂಡು, ಅದರ ಮೇಲೆ ತೆಳ್ಳಗಿನ ಹೊಳಪಿನ ಪದರ ಇದ್ದರೆ ಅದು ಆಲ್ಬುಮೆನ್ ಪ್ರಿಂಟ್. ಮೊಟ್ಟೆಯ ಬಿಳಿ ಲೋಳೆಗೆ ಉಪ್ಪು ಸೇರಿಸಿ ಕಾಗದಕ್ಕೆ ಹಚ್ಚಿ, ಒಣಗಿಸಿ, ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸಿ, ನೆಗೆಟಿವ್ ಕೆಳಗೆ ಇಟ್ಟು ಬಿಸಿಲಿಗೆ ಒಡ್ಡಿ ತೆಗೆದ ಪ್ರತಿ ಅದು. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ಪ್ರಕಟಿಸಿದ ಕ್ರಮ, ಸುಮಾರು 1890ರವರೆಗೆ ಇದೇ ಮುಖ್ಯ. ಗುರುತು: ಬಿಳಿ ಭಾಗ ಹಳದಿಗೆ ತಿರುಗಿರ್ತದೆ, ಕಪ್ಪು ಭಾಗ ಕೆಂಗಂದು ಅಥವಾ ನೇರಳೆಗಂದು, ಲೂಪಿನಲ್ಲಿ ಕೂದಲೆಳೆಯಂಥ ಬಿರುಕು. ಈ ಕಾಗದ ಬಹಳ ತೆಳು, ಬಿಟ್ಟರೆ ಸುರುಳಿ ಸುತ್ತಿಕೊಳ್ತದೆ. ಅದಕ್ಕೇ ಆಗ ಎಲ್ಲವನ್ನೂ ರಟ್ಟಿಗೆ ಅಂಟಿಸುತ್ತಿದ್ದರು. ರಟ್ಟಿನಿಂದ ಬಿಡಿಸಬೇಡಿ ಎಂದದ್ದೂ ಇದಕ್ಕೇ.

ಹೊಳಪು ಏನೂ ಇಲ್ಲದೆ ಚಿತ್ರ ನಾರಿನ ಒಳಗೇ ಇಂಗಿದ ಹಾಗೆ ಇದ್ದರೆ ಉಪ್ಪುಕಾಗದದ ಪ್ರಿಂಟ್, ಇನ್ನೂ ಹಳೆಯದು. ನಾರೇ ಕಾಣದೆ ಮೇಲ್ಮೈ ನುಣ್ಣಗೆ ಬೆಳ್ಳಗೆ ಇದ್ದರೆ ನಡುವೆ ಬೇರಿಯಮ್ ಸಲ್ಫೇಟಿನ ಪದರ ಉಂಟು ಎಂದರ್ಥ. ಅದು 1880ರ ದಶಕದ ನಂತರದ ಜೆಲಟಿನ್ ಅಥವಾ ಕೊಲೊಡಿಯನ್ ಎಂಬ ಅಂಟುದ್ರಾವಣ ಹಚ್ಚಿದ ಕಾಗದ. ಚುಕ್ಕೆಗಳ ಬಲೆ ಕಂಡರೆ ಅದು ಫೋಟೊವೇ ಅಲ್ಲ, ಅಚ್ಚುಯಂತ್ರದ ಮುದ್ರಣ.

ಈಗ ನಿಮ್ಮ ಪೆಟ್ಟಿಗೆಗೆ ಬರುವ.

ಸಣ್ಣ ರಟ್ಟು ‘ಕಾರ್ತ್ ದ ವಿಸಿತ್’ ಎಂಬ ಅಳತೆಯದು. ಪ್ಯಾರಿಸ್ಸಿನ ಡಿಸ್ದೇರಿ 1854ರಲ್ಲಿ ಇದಕ್ಕೆ ಪೇಟೆಂಟ್ ಪಡೆದರೂ ಜನ ಇದಕ್ಕೆ ಮುಗಿಬಿದ್ದದ್ದು 1860ರ ಹೊತ್ತಿಗೆ. ಹಾಗಾಗಿ 1850ರ ದಶಕ ಎಂಬುದನ್ನು ಬಿಟ್ಟುಬಿಡಿ. ತೆಳು ರಟ್ಟು, ಚೌಕ ಮೂಲೆ ಎಂದರೆ ಯುರೋಪಿನ ಲೆಕ್ಕದಲ್ಲಿ 1860ರ ದಶಕ ಮತ್ತು 1870ರ ಆರಂಭ. ಆದರೆ ನಮ್ಮ ಕಡೆ ರಟ್ಟು ಹಡಗಿನಲ್ಲಿ ಬರಬೇಕಿತ್ತು. ತರಿಸಿಟ್ಟ ದಾಸ್ತಾನು ಮುಗಿಯುವವರೆಗೆ ಅದೇ. ಆದ್ದರಿಂದ ರಟ್ಟಿನ ಆಕಾರ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಹೇಳಬಲ್ಲದು, ‘ಇದಕ್ಕಿಂತ ಈಚಿನದಲ್ಲ’ ಎಂದು ಖಚಿತವಾಗಿ ಹೇಳಲಾರದು.

108×165ರದ್ದು ಕ್ಯಾಬಿನೆಟ್ ಕಾರ್ಡ್. ಇದು 1866ರ ಆಸುಪಾಸಿನಿಂದ ಬಳಕೆಗೆ ಬಂತು. ದುಂಡು ಮೂಲೆ, ಚಿನ್ನದಂಚು ಇದ್ದರೆ 1880ರ ನಂತರ ಎಂದು ಹಿಡಿಯಬಹುದು.

ಗಾಜಿನ ಪ್ಲೇಟು ಈ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮುಖ್ಯ ವಸ್ತು ಎಂದು ನನ್ನ ಅಭಿಪ್ರಾಯ. ಲೇಪವಿಲ್ಲದ ಮೂಲೆ ಎಂದರೆ ಛಾಯಾಗ್ರಾಹಕ ಹೆಬ್ಬೆರಳಲ್ಲಿ ಹಿಡಿದ ಜಾಗ. ಕೈಯಲ್ಲೇ ಸುರಿದು ಮಾಡಿದ ಹಸಿ ಕೊಲೊಡಿಯನ್ ನೆಗೆಟಿವ್ ಅದು. 1851ರಲ್ಲಿ ಆರ್ಚರ್ ಪ್ರಕಟಿಸಿದ ವಿಧಾನ, 1880ರ ದಶಕದಲ್ಲಿ ಕಾರ್ಖಾನೆಯ ಒಣ ಜೆಲಟಿನ್ ಪ್ಲೇಟು ಬರುವವರೆಗೆ ನಡೆಯಿತು. ಒಣ ಪ್ಲೇಟಾದರೆ ಲೇಪ ಅಂಚಿನಿಂದ ಅಂಚಿಗೆ ಸಮನಾಗಿ, ಬಣ್ಣ ಶುದ್ಧ ಕಪ್ಪಾಗಿ, ಅಂಚುಗಳಲ್ಲಿ ಕನ್ನಡಿಯ ಹಾಗೆ ಬೆಳ್ಳಿ ಮಿರುಗು ಇರುತ್ತಿತ್ತು.

ಹಸಿ ಪ್ಲೇಟಿನ ಕೆಲಸ ಎಷ್ಟು ಕಷ್ಟದ್ದು ಎಂದು ತಿಳಿದರೆ ಆ ಚಿತ್ರಗಳಲ್ಲಿ ಏನುಂಟು, ಏನಿಲ್ಲ ಎಂಬುದೂ ತಿಳಿಯುತ್ತದೆ. ಈಥರ್ ಮತ್ತು ಆಲ್ಕೊಹಾಲಿನಲ್ಲಿ ಕರಗಿಸಿದ ಗನ್‌ಕಾಟನ್ನಿಗೆ (ಆಮ್ಲದಲ್ಲಿ ಹದ ಮಾಡಿದ ಹತ್ತಿ, ಈ ದ್ರಾವಣವೇ ಕೊಲೊಡಿಯನ್) ಅಯೊಡೈಡ್, ಬ್ರೊಮೈಡ್ ಲವಣ ಸೇರಿಸಿ ಚೊಕ್ಕ ಮಾಡಿದ ಗಾಜಿನ ಮೇಲೆ ಸುರಿಯುವುದು, ನಾಲ್ಕು ಮೂಲೆಗೂ ಹರಿಸಿ ಉಳಿದದ್ದನ್ನು ಬಾಟಲಿಗೇ ಬಗ್ಗಿಸುವುದು. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ಕಟ್ಟಿಕೊಳ್ತದೆ. ಆಗ ಕತ್ತಲೆ ಡೇರೆಯೊಳಗೆ ಸುಮಾರು 8 ಶೇಕಡಾ ಸಿಲ್ವರ್ ನೈಟ್ರೇಟಿನಲ್ಲಿ 3ರಿಂದ 5 ನಿಮಿಷ ಅದ್ದಿ, ತೊಟ್ಟಿಕ್ಕುತ್ತಿರುವಾಗಲೇ ಕ್ಯಾಮೆರಾಕ್ಕೆ ಹಾಕಬೇಕು. ಬೆಳಕಿಗೆ ಒಡ್ಡಿ ಕೂಡಲೇ ಫೆರಸ್ ಸಲ್ಫೇಟಿನ ಡೆವಲಪರ್ ಸುರಿಯಬೇಕು, ತೊಳೆದು ಹೈಪೊ (ಸೋಡಿಯಂ ಥಯೊಸಲ್ಫೇಟ್) ಅಥವಾ ಪೊಟಾಸಿಯಂ ಸಯನೈಡಿನಲ್ಲಿ ಸ್ಥಿರಗೊಳಿಸಬೇಕು, ಕೊನೆಗೆ ವಾರ್ನಿಶ್. ಬೆಳ್ಳಿಯಿಂದ ತೆಗೆದು ಡೆವಲಪ್ ಮಾಡುವವರೆಗೆ ತಂಪು ಹವೆಯಲ್ಲಿ ಹತ್ತು ನಿಮಿಷ ಸಿಗಬಹುದು, ಬೇಸಿಗೆಯಲ್ಲಿ ಅದರ ಅರ್ಧವೂ ಇಲ್ಲ. ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ. ನಮ್ಮ ಕರಾವಳಿಯ ಏಪ್ರಿಲ್ ಮಧ್ಯಾಹ್ನಕ್ಕೆ ಅದು ಸಾಕು: ಸುರಿಯುವಾಗಲೇ ಕೊಲೊಡಿಯನ್ ಕಟ್ಟಿಕೊಂಡು ಗೆರೆಗೆರೆಯಾಗ್ತದೆ. ಕಡಲ ಬದಿಯ ಬಾವಿನೀರು ಇನ್ನೊಂದು ತಲೆನೋವು. ನೀರಿನ ಉಪ್ಪು ಸಿಲ್ವರ್ ನೈಟ್ರೇಟಿಗೆ ತಾಗಿದರೆ ಹಾಲಿನ ಹಾಗೆ ಬೆಳ್ಳಗಾಗಿ ಬೆಳ್ಳಿಯೆಲ್ಲ ತಳಕ್ಕೆ ಕೂತುಬಿಡ್ತದೆ, ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರೇ ಬೇಕು. ಇಷ್ಟೆಲ್ಲ ಸಾಮಾನು ಹೊತ್ತುಕೊಂಡು ಹೊಳೆಕರೆಗೆ ಬಂದವರು ದಿನಕ್ಕೆ ತೆಗೆಯುತ್ತಿದ್ದದ್ದು ಕೆಲವೇ ಪ್ಲೇಟು. ಒಂದೊಂದೂ ಆಯ್ದು ತೆಗೆದದ್ದು.

ಬಿಳಿ ಸಂಖ್ಯೆ 37ರ ವಿಷಯ: ನೆಗೆಟಿವಿನ ಮೇಲೆ ಶಾಯಿಯಲ್ಲಿ ಬರೆದದ್ದು ಪ್ರಿಂಟಿನಲ್ಲಿ ಬಿಳಿಯಾಗಿ ಬರ್ತದೆ, ಲೇಪವನ್ನು ಗೀರಿ ಬರೆದದ್ದು ಕಪ್ಪಾಗಿ ಬರ್ತದೆ. ಲೂಪಿನಲ್ಲಿ ಆ ಅಂಕೆಯ ಅಂಚು ನೋಡಿ. ತುಸು ಮಸುಕಾಗಿದ್ದರೆ ಗಾಜಿನ ಬದಿಯಲ್ಲಿ ನೇರವಾಗಿ ಬರೆದದ್ದು, ಚೂಪಾಗಿದ್ದರೆ ಲೇಪದ ಬದಿಯಲ್ಲಿ ತಿರುಗುಮುರುಗಾಗಿ ಬರೆದದ್ದು. ಯಾವುದಾದರೂ ಇದು ಮಾರಾಟದ ಅಥವಾ ಸರಕಾರಿ ಸರಣಿಯೊಂದರ ಭಾಗ ಎಂಬುದಕ್ಕೆ ಒಳ್ಳೆಯ ಸೂಚನೆ.

ಜನಿವಾರದ್ದು ಸ್ವಾರಸ್ಯ ಉಂಟು. ಮೊದಲು ಖಚಿತ ಮಾಡಿಕೊಳ್ಳಿ: ನಮಗೆ ಎದುರಾಗಿ ಕೂತವರ ಎಡ ಹೆಗಲು ನಮ್ಮ ಬಲಕ್ಕೆ ಇರ್ತದೆ. ನಿಜವಾಗಿ ಅವರ ಬಲ ಹೆಗಲಲ್ಲೇ ಇದ್ದು, ಹೆಂಗಸರ ಸೆರಗೂ ಬಲಕ್ಕೆ ಬಂದಿದ್ದರೆ ಇಡೀ ಚಿತ್ರ ಕನ್ನಡಿಯ ಹಾಗೆ ತಿರುಗಿದೆ. ಗಾಜಿನ ಅಥವಾ ತಗಡಿನ ನೇರ ಪಾಸಿಟಿವ್‌ಗಳಲ್ಲಿ, ಅಂದರೆ ಬೇರೆ ಪ್ರಿಂಟ್ ತೆಗೆಯದೆ ಕ್ಯಾಮೆರಾದ ಪ್ಲೇಟೇ ಚಿತ್ರವಾಗುವಲ್ಲಿ, ಹೀಗೆ ಆಗ್ತದೆ. ಅಂದರೆ ನಿಮ್ಮ ಕ್ಯಾಬಿನೆಟ್ ಕಾರ್ಡು ಅಂಥ ಹಳೆಯದೊಂದರ ನಕಲು ಇರಬಹುದು, ಮೂಲ ಚಿತ್ರ ರಟ್ಟಿಗಿಂತ ಇಪ್ಪತ್ತು ಮೂವತ್ತು ವರ್ಷ ಹಿಂದಿನದೂ ಇರಬಹುದು. ನಕಲಾದರೆ ಲೂಪಿನಲ್ಲಿ ರೆಪ್ಪೆ, ಬಟ್ಟೆಯ ನೇಯ್ಗೆ ಎಲ್ಲ ಮಾಸಿದ ಹಾಗೆ ಕಾಣ್ತದೆ. ಜನಿವಾರ ಮಾತ್ರ ಬಲಕ್ಕಿದ್ದು ಸೆರಗು ಸರಿಯಾಗಿದ್ದರೆ ಬೇರೆ ಕಾರಣ ಹುಡುಕಬೇಕು.

ಸೊಲ್ಲಾಪುರ_ಪೇಟೆ

ಹೊಳಿ ಯಾಕ ಖಾಲಿ, ಗೋಡಿ ಯಾಕ ಕಪ್ಪು ಅಂತ ಕೇಳೀರಿ. ಹಳೇ ಫೋಟೊ ನೋಡೋರು ಎಲ್ಲಾರೂ ಕೇಳಬೇಕಾದ ಪ್ರಶ್ನೆ ಇದು, ಸ್ವಲ್ಪ ಬಿಡಿಸಿ ಹೇಳತೀನಿ.

ಕೊಲೊಡಿಯನ್ನಿಗೆ ನೀಲಿ, ನೇರಳೆ, ಮತ್ತ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಅಷ್ಟೇ ತಾಗತದ. ಕೆಂಪು, ಕಿತ್ತಳೆ, ಹಳದಿ ಅದಕ್ಕ ಕತ್ತಲಿದ್ದಂಗ. ಹಸಿರೂ ಹೆಚ್ಚೇನೂ ತಾಗಂಗಿಲ್ಲ. ಬೇಕಲ ಕೋಟಿ ಕಟ್ಟಿದ್ದು ಕೆಂಪು ಮುರಕಲ್ಲಿನಾಗ. ಕಣ್ಣಿಗೆ ಕೆಂಪಗ ಕಾಣೋ ಗೋಡಿ ಪ್ಲೇಟಿನ ಮ್ಯಾಲ ಹೆಚ್ಚುಕಡಿಮಿ ಏನೂ ಮೂಡಿಸಂಗಿಲ್ಲ, ಪ್ರಿಂಟಿನಾಗ ಕಪ್ಪಾಗತದ. ಬೆಂಕಿ ಬಿದ್ದಿತ್ತು, ಪಾಚಿ ಕಟ್ಟಿತ್ತು ಅಂತ ಊಹೆ ಮಾಡೋ ಅಗತ್ಯ ಇಲ್ರಿ. ಆಕಾಶ ನೀಲಿ, ಅದು ಗೋಡಿಗಿಂತ ಭಾಳ ಬೇಗ ತುಂಬಿಬಿಡತದ. ಗೋಡಿಗೆ ಸಾಕಾಗುವಷ್ಟು ಬೆಳಕು ಕೊಟ್ಟರ ಆಕಾಶ ಬರೇ ಬಿಳಿ, ಮೋಡ ಇದ್ದರೂ ಕಾಣಂಗಿಲ್ಲ. ಆ ಕಾಲದ ದೃಶ್ಯದಾಗ ಚಂದ ಮೋಡ ಕಂಡರ ಅನುಮಾನ ಪಡ್ರಿ: ಬೇರೆ ನೆಗೆಟಿವಿನಿಂದ ಸೇರಿಸಿದ್ದು, ಇಲ್ಲಾ ನೆಗೆಟಿವಿನ ಮ್ಯಾಲ ಬಣ್ಣದಿಂದ ಬರೆದದ್ದು.

ಇದ ಕಾರಣಕ್ಕ ಭಾವಚಿತ್ರದಾಗೂ ಮೋಸ ಹೋಗಬ್ಯಾಡ್ರಿ. ಕುಂಕುಮ ಕಪ್ಪು ಬೊಟ್ಟಾಗಿ ಬರತದ. ಅರಿಷಿಣ ಹಚ್ಚಿದ ಗಲ್ಲ ಇನ್ನಷ್ಟು ಕಪ್ಪು. ಕೆಂಪು ಇಳಕಲ್ ಸೀರಿ ಕರಿ ಸೀರಿ ಆಗತದ, ತಿಳಿ ನೀಲಿ ಸೀರಿ ಬಿಳಿ ಸೀರಿ ಆಗತದ. ಬಿಳಿ ಸೀರಿ ಕಂಡು ‘ವಿಧವೆ’ ಅಂತ ಫೋಟೊದ ಅಡಿ ಬರದುಬಿಟ್ಟರ ಒಂದು ಮನೆತನದ ಕಥಿನ ತಪ್ಪಿ ಹೋಗತದ. ನಿಮ್ಮ ಕಡೆ ಬ್ರಾಹ್ಮಣ ಮನಿಗಳಾಗ ವಿಧವೆಯರು ಉಡತಿದ್ದದ್ದು ಕೆಂಪು ಸೀರಿ. ಫೋಟೊದಾಗ ಅದು ಕಪ್ಪಾಗೇ ಕಾಣಬೇಕು. ಜನರ ಮೈಬಣ್ಣನೂ ಇದ್ದದ್ದಕ್ಕಿಂತ ಕಪ್ಪಾಗಿ ಬಂದಿರತದ. ಅದನ್ನ ನೋಡಿ ದೂರದ ದೇಶದಾಗ ಕೂತೋರು ಏನೇನೋ ತೀರ್ಮಾನ ಮಾಡಿದರು. 1868ರಿಂದ 1875ರವರೆಗೆ ಎಂಟು ಸಂಪುಟದಾಗ ಸರಕಾರ ಹೊರತಂದ ‘ಭಾರತದ ಜನ’ ಮಾಲಿಕೆಯ ಚಿತ್ರಗಳನ್ನ ನೋಡುವಾಗ ಈ ಮಾತು ನೆನಪಿರಲಿ. 1873ರಾಗ ಫೋಗೆಲ್ ಬಣ್ಣದ ರಂಗು ಸೇರಿಸಿ ಪ್ಲೇಟಿಗೆ ಹಸಿರೂ ತಾಗುವಂಗ ಮಾಡಬಹುದು ಅಂತ ತೋರಿಸಿದ. ಕೆಂಪೂ ತಾಗೋ ಪ್ಲೇಟು ಅಂಗಡಿಗೆ ಬಂದದ್ದು 1906ರಾಗ.

ಖಾಲಿ ಹೊಳಿದು ಲೆಕ್ಕ ಹಾಕ್ರಿ. ದೃಶ್ಯಕ್ಕ ಸಣ್ಣ ರಂಧ್ರ ಇಟ್ಟು ಹಸಿ ಪ್ಲೇಟಿಗೆ 10ರಿಂದ 30 ಸೆಕೆಂಡು ಬೆಳಕು ಕೊಟ್ಟರು ಅನ್ನೋಣ. ಒಂದು ದೋಣಿ ಸೆಕೆಂಡಿಗೆ ಒಂದು ಮೀಟರ್ ಸಾಗಿದರೂ 10 ಸೆಕೆಂಡಿನಾಗ 10 ಮೀಟರ್ ದಾಟತದ. ಯಾವ ಜಾಗದಾಗೂ ಅದು ಗುರುತು ಬಿಡುವಷ್ಟು ನಿಲ್ಲಂಗಿಲ್ಲ. ತೆರಿ ಎಲ್ಲಾ ಕೂಡಿ ಮಂಜಿನಂಗ ಆಗತದ. ಕಾಗದದ ನೆಗೆಟಿವ್ ಆದರ ನಿಮಿಷಗಟ್ಟಲೆ ಬೇಕು. ಕಡವಿನಾಗ ದಿನಾ ನೂರಾರು ಮಂದಿ ದಾಟಿರಬಹುದು, ಚಿತ್ರದಾಗ ಮಾತ್ರ ಊರಿಗೆ ಊರೇ ಬಿಟ್ಟು ಹೋದಂಗ ಕಾಣತದ. ಲೂಪ್ ಹಿಡಿದು ದಡದ ನೀರಿನ ಗೆರಿ ಗುಂಟ ನಿಧಾನ ಹೋಗ್ರಿ. ಕಟ್ಟಿಹಾಕಿದ ದೋಣಿ, ಅದರ ಮುಂದ ನಿಂತು ಅಲುಗಾಡಿದವರ ಹೊಗಿಯಂಥ ನೆರಳು, ಎರಡು ತಲಿ ಇದ್ದಂಗ ಕಾಣೋ ಮನುಷ್ಯ, ಇಂಥವು ಸಿಗತಾವ.

ಚೊಕ್ಕಾಗಿ ಕಾಣೋ ಮನುಷ್ಯ ಇದ್ದರ ಅವನನ್ನ ನಿಲ್ಲಿಸಿದ್ದಾರ ಅಂತ ತಿಳೀರಿ. ವಿಜಾಪುರದ ಹಳೇ ಚಿತ್ರಗಳಾಗ ಕಮಾನಿನ ಕೆಳಗ ಒಬ್ಬ ಕೂತಿರತಾನ, ಗುಮ್ಮಟದ ಎತ್ತರ ಲಂಡನ್ನಿನವರಿಗೆ ತಿಳೀಲಿ ಅಂತ. ಹೆಸರಿಲ್ಲದ ಅಳತಿಗೋಲು ಅವ. ಬ್ರಿಟಿಷ್ ಸೇನಾಧಿಕಾರಿಗಳಾದ ಬಿಗ್ಸ್, ಲಾಕ್ ಅವರು ತೆಗೆದ ವಿಜಾಪುರದ ಚಿತ್ರಗಳು 1866ರಾಗ ಲಂಡನ್ನಿನಾಗ ಪುಸ್ತಕ ಆದವು. ಅವುಗಳಾಗ ಗುಮ್ಮಟ, ಮಸೂತಿ, ಪಾಳುಗೋಡಿ ಅದಾವ, ಸಂತಿ ಇಲ್ಲ, ಓಣಿ ಇಲ್ಲ. ಕೊಳ್ಳೋರಿಗೆ ಬೇಕಾದದ್ದು ಪಾಳು. ಮುಂದ 1885ರಾಗ ಕಲಾದಗಿಯಿಂದ ಜಿಲ್ಲಾ ಕಚೇರಿ ವಿಜಾಪುರಕ್ಕ ಬಂತು, ಹಳೇ ಮಹಲುಗಳಾಗ ಕಚೇರಿ ಕೂತವು, ದುರಸ್ತಿ ಆತು. ಗೋಡಿ ಮ್ಯಾಲ ಗಿಡ ಬೆಳೆದದ್ದು ಕಂಡರ ಅದಕ್ಕಿಂತ ಹಿಂದಿನದು ಅನ್ನೋ ಅಂದಾಜಿಗೆ ಬರಬಹುದು, ಬೇರೆ ಗುರುತೂ ಕೂಡಿ ಬಂದರ ಮಾತ್ರ.

ರಾಯಕೋಟೆ_ದಾರಿ

ಹೊಸೂರು ಕಡೆಯಿಂದ ಬರೆಯುತ್ತಿದ್ದೇನೆ. ಪೆನ್ಸಿಲಿನ ‘ಚಂದ್ರಗಿರಿ’ಯನ್ನು ಹಾಗೇ ನಂಬಬೇಡಿ ಸರ್. ಹಳೆಯ ಫೋಟೊ ಸಂಗ್ರಹಗಳಲ್ಲಿ ಈ ಹೆಸರು ಮೂರು ಜಾಗಕ್ಕೆ ಬರಬಹುದು: ನಿಮ್ಮ ಕಾಸರಗೋಡಿನ ಹೊಳೆ ಮತ್ತು ಕೋಟೆ, ತಿರುಪತಿ ಹತ್ತಿರದ ಚಂದ್ರಗಿರಿ ಕೋಟೆ, ಶ್ರವಣಬೆಳಗೊಳದ ಚಿಕ್ಕಬೆಟ್ಟ. ರಟ್ಟಿನ ಮೇಲಿನ ಬರಹ ಎಷ್ಟೋ ಸಲ ಆಲ್ಬಮ್ ಕಟ್ಟಿದವರದು, ಫೋಟೊ ತೆಗೆದವರದಲ್ಲ.

ಬೇರ್ಪಡಿಸುವುದು ಕಷ್ಟವಲ್ಲ. ತಿರುಪತಿ ಕಡೆಯದಾದರೆ ಬೋಳು ಗ್ರಾನೈಟ್ ಗುಡ್ಡ, ದೊಡ್ಡ ದೊಡ್ಡ ಗುಂಡುಗಳು, ಕೆಳಗೆ ಮೂರು ಅಂತಸ್ತಿನ ರಾಜಮಹಲು. ಮೇಲಿನವರು ಹೇಳಿದ ಬಣ್ಣದ ಲೆಕ್ಕ ಇಲ್ಲೂ ಕೆಲಸಕ್ಕೆ ಬರುತ್ತದೆ: ಬೂದು ಗ್ರಾನೈಟ್ ಚಿತ್ರದಲ್ಲಿ ತಿಳಿಯಾಗಿ ಬರುತ್ತದೆ, ಮುರಕಲ್ಲು ಕಪ್ಪಾಗಿ ಬರುತ್ತದೆ. ನಿಮ್ಮದರಲ್ಲಿ ತೆಂಗು, ಅಗಲವಾದ ನೀರು, ಕಪ್ಪು ಗೋಡೆ ಮೂರೂ ಇರುವುದರಿಂದ ಕಾಸರಗೋಡಿನದೇ ಆಗುವ ಸಂಭವ ಹೆಚ್ಚು. ರೈಲು ಸೇತುವೆ ಇದೆಯೇ ನೋಡಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಚಂದ್ರಗಿರಿ ಹೊಳೆಗೆ ಸೇತುವೆ ಕಂಡರೆ ಅದು ಹತ್ತೊಂಬತ್ತನೇ ಶತಮಾನದ ಚಿತ್ರವಲ್ಲ. ಆದರೆ ಸೇತುವೆ ಕಾಣಲಿಲ್ಲ ಎಂದು ಹಳೆಯದೆಂದು ಹೇಳುವ ಹಾಗೂ ಇಲ್ಲ, ಕ್ಯಾಮೆರಾ ಬೇರೆ ಕಡೆ ತಿರುಗಿರಬಹುದು. ಮನೆಗಳ ಮಾಡು ನೋಡಿ. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಶುರುವಾದದ್ದು 1865ರಲ್ಲಿ. ಸಾಲುಸಾಲಾಗಿ ಗೆರೆ ಎಳೆದಂತೆ ಕೂತ ಆ ಚಪ್ಪಟೆ ಹೆಂಚು ಕಂಡರೆ ಅದರ ನಂತರದ್ದು. ಮುಳಿಹುಲ್ಲು, ಮಡಲು ಏನನ್ನೂ ಹೇಳುವುದಿಲ್ಲ, ಅವು ಇಪ್ಪತ್ತನೇ ಶತಮಾನದವರೆಗೂ ಇದ್ದವು.

ಇನ್ನು ನೆರಳು. ಬೇಕಲದ ಅಕ್ಷಾಂಶ ಸುಮಾರು 12.4 ಡಿಗ್ರಿ ಉತ್ತರ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ಅಲ್ಲಿ ಉತ್ತರಕ್ಕೆ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ದಿನಗಳಲ್ಲಿ ನೆರಳು ಉತ್ತರಕ್ಕೆ. ಸಮುದ್ರ ಪಶ್ಚಿಮಕ್ಕೆ ಇರುವುದರಿಂದ ಚಿತ್ರದಲ್ಲಿ ದಿಕ್ಕು ಹಿಡಿಯುವುದು ಸುಲಭ. ಮಧ್ಯಾಹ್ನದ ಗಿಡ್ಡ ನೆರಳು ದಕ್ಷಿಣಕ್ಕೆ ಇದ್ದರೆ, ಜೂನಿನಿಂದ ಮಳೆ ಎಂಬುದನ್ನೂ ಸೇರಿಸಿ, ಏಪ್ರಿಲ್ ಕೊನೆ ಅಥವಾ ಮೇ ಎಂದು ಹೇಳಬಹುದು. ವರ್ಷ ಸಿಗದಿದ್ದರೂ ತಿಂಗಳು ಸಿಗುತ್ತದೆ!

ಜಾಗ ಖಚಿತ ಮಾಡಲು ಒಳ್ಳೆಯ ದಾರಿ ಅದೇ ಕಡೆ ಹೋಗಿ ನಿಲ್ಲುವುದು. ಪ್ರಿಂಟಿನ ನಕಲು ಹಿಡಿದು ಹೋಗಿ. ಚಿತ್ರದ ಎಡಭಾಗದಲ್ಲಿ ಹತ್ತಿರದ ಒಂದು ಬಿಂದು, ಅದರ ಹಿಂದೆಯೇ ಕಾಣುವ ದೂರದ ಒಂದು ಬಿಂದು ಆಯ್ದುಕೊಳ್ಳಿ: ಬುರುಜಿನ ಅಂಚು, ಆಚೆ ಗುಡ್ಡದ ತುದಿ, ಹೀಗೆ. ಬಲಭಾಗದಲ್ಲಿಯೂ ಅಂಥ ಒಂದು ಜೋಡಿ. ಎರಡೂ ಜೋಡಿ ಚಿತ್ರದಲ್ಲಿದ್ದಂತೆಯೇ ಸೇರಿ ಕಾಣುವ ಜಾಗ ನೆಲದ ಮೇಲೆ ಒಂದೇ ಇರುತ್ತದೆ. ಮೊದಲು ಎಡ ಜೋಡಿ ಸರಿಹೊಂದಿಸಿ, ಆ ಗೆರೆಯ ಮೇಲೇ ಹಿಂದೆ ಮುಂದೆ ನಡೆದು ಬಲ ಜೋಡಿ ಹೊಂದಿಸಿ. ಕ್ಯಾಮೆರಾ ಎತ್ತರ ಒಂದೂವರೆ ಮೀಟರಿನಿಂದ ಶುರು ಮಾಡಿ. ಮರಗಳನ್ನು ಬಿಂದುವಾಗಿ ಇಟ್ಟುಕೊಳ್ಳಬೇಡಿ, ಹೊಳೆಯ ಮರಳದಿಣ್ಣೆಯನ್ನೂ ಬೇಡ. ಸೇನಾಧಿಕಾರಿ ಗ್ರೀನ್‌ಲಾ 1856ರ ಹೊತ್ತಿಗೆ 16×18 ಇಂಚಿನ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ ಹಂಪಿಯ ಚಿತ್ರಗಳ ಜಾಗಗಳನ್ನೂ ನೂರಕ್ಕೂ ಹೆಚ್ಚು ವರ್ಷದ ಮೇಲೆ ಹುಡುಕಿ ಮತ್ತೆ ಚಿತ್ರ ತೆಗೆದಿದ್ದಾರೆ.

ಇದೇ ಮದ್ರಾಸ್ ಪ್ರಾಂತ್ಯದ ಕೆಲಸವೆಂದರೆ ಬ್ರಿಟಿಷ್ ಸೇನಾಧಿಕಾರಿ ಲಿನ್ನಿಯಸ್ ಟ್ರೈಪ್‌ನದು. 1854ರಲ್ಲಿ ಬೇಲೂರು, ಹಳೇಬೀಡು. ಆಮೇಲೆ ಪ್ರಾಂತ್ಯದ ಸರಕಾರಿ ಛಾಯಾಗ್ರಾಹಕನಾಗಿ ಮಧುರೈ, ತಂಜಾವೂರು, ನಮ್ಮ ರಾಯಕೋಟೆ. ರಾಯಕೋಟೆ ಮತ್ತು ಸೇಲಂ ಜಿಲ್ಲೆಯ ದೃಶ್ಯಗಳಿಗೇ ಒಂದು ಸಂಪುಟ 1858ರಲ್ಲಿ ಬಂತು. ಅವನು ಮೇಣ ಹಚ್ಚಿದ ಕಾಗದದ ನೆಗೆಟಿವನ್ನೂ ಬಳಸುತ್ತಿದ್ದ. ಅದನ್ನು ಮುಂಚಿತವಾಗಿ ಸಿದ್ಧಮಾಡಿ ಒಣಗಿಸಿ ಒಯ್ಯಬಹುದು, ಹಸಿ ಪ್ಲೇಟಿನ ಅವಸರವಿಲ್ಲ. ಅವನ ಆಕಾಶದ ಮೋಡಗಳು ಕೂಡ ನೆಗೆಟಿವಿನ ಮೇಲೆ ಕುಂಚದಿಂದ ಬರೆದವೇ. ಹೋಲಿಸಿ ನೋಡಲು ಬ್ರಿಟಿಷ್ ಲೈಬ್ರರಿ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇವೆ. ದಕ್ಷಿಣ ಕನ್ನಡ, ಮಲಬಾರಿಗಂತೂ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ದಾಖಲೆ ಸಂಗ್ರಹವನ್ನು ಮೊದಲು ನೋಡಬೇಕು. ಅದರ ಫೋಟೊಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಹುಡುಕುವಾಗ ಕಾಸರಗೋಡಿನ ಹಳೆಯ ಇಂಗ್ಲಿಷ್ ಕಾಗುಣಿತಗಳನ್ನೆಲ್ಲ ಹಾಕಿ, ‘ಸೌತ್ ಕೆನರಾ’ ಎಂದೂ ಹಾಕಿ. ‘ಕೇರಳ’ ಎಂದು ಹುಡುಕಿದರೆ ಎಷ್ಟೋ ಚಿತ್ರಗಳು ತಪ್ಪಿಹೋಗುತ್ತವೆ, 1956ರವರೆಗೆ ನೀವು ಮದ್ರಾಸ್ ಕಡೆಯವರಲ್ಲವೇ.

ಹೊಳೆಕರೆ_ಕುಂಬಳೆ

ಎಲ್ಲರಿಗೂ ವಂದನೆ. ಲೂಪಿನಲ್ಲಿ ನೋಡಿ ಹೇಳುತ್ತಿದ್ದೇನೆ. ಎರಡೂ ದೃಶ್ಯಗಳಲ್ಲಿ ನಾರು ಕಾಣ್ತದೆ, ಹೊಳಪು ಉಂಟು, ಸಣ್ಣ ಬಿರುಕು ಉಂಟು. 37ರ ಅಂಚು ಮಸುಕು. ಹೊಳೆಯ ಚಿತ್ರದ ಎಡದಡದಲ್ಲಿ ಒಂದು ದೋಣಿಯ ಮೂತಿ ಮತ್ತು ಹೊಗೆಯ ಹಾಗೆ ಎರಡು ಆಕಾರ ಸಿಕ್ಕಿತು. ಸೇತುವೆ ಇಲ್ಲ. ಒಂದು ಮಾಡು ಹುಲ್ಲಿನದು. ಕುಟುಂಬದ ಚಿತ್ರದಲ್ಲಿ ಸೆರಗೂ ಬಲ ಹೆಗಲಿಗೇ ಉಂಟು, ಮುಖಗಳು ಲೂಪಿನಲ್ಲಿ ಮಾಸಿದ ಹಾಗೆ. ಅದು ನಕಲೇ ಇರಬೇಕು.

ಗಾಜಿನ ಪ್ಲೇಟಿನ ಒಂದು ಅಂಚಿನಲ್ಲಿ ಲೇಪ ಎದ್ದು ಸಿಪ್ಪೆಯ ಹಾಗೆ ಬಂದಿದೆ. ಮನೆಯಲ್ಲಿ ಫ್ಲಾಟ್‌ಬೆಡ್ ಸ್ಕ್ಯಾನರ್ ಮತ್ತು ಒಂದು ಡಿಎಸ್‌ಎಲ್‌ಆರ್ ಉಂಟು. ಪೆಟ್ಟಿಗೆಗೆ ಕರ್ಪೂರ, ನುಸಿಗುಳಿಗೆ ಹಾಕಿ ಇಟ್ಟಿದ್ದರು.

ಬೆಳ್ಳಿಲವಣ_ಮಂಜೇಶ್ವರ

ಕರ್ಪೂರ, ನುಸಿಗುಳಿಗೆ ಎರಡನ್ನೂ ಇವತ್ತೇ ತೆಗೆಯಿರಿ. ಅವು ಆವಿಯಾಗಿ ಹೋಗಿ ತಂಪಾದಲ್ಲಿ, ಅಂದರೆ ಗಾಜು ಮತ್ತು ಫೋಟೊದ ಮೇಲೆ, ಮತ್ತೆ ಹರಳು ಕಟ್ಟಬಹುದು. ಬೇವಿನ ಸೊಪ್ಪೂ ಬೇಡ, ಅದರ ತೇವ, ಕಲೆ ಎರಡೂ ಕಾಗದಕ್ಕೆ ಇಳಿಯುತ್ತದೆ.

ಸಿಪ್ಪೆ ಎದ್ದ ಪ್ಲೇಟನ್ನು ಲೇಪದ ಬದಿಯಲ್ಲಿ ಒರೆಸಬೇಡಿ, ಊದಬೇಡಿ, ಬ್ರಷ್ಷೂ ಬೇಡ. ಸ್ಪಿರಿಟ್ ಮುಟ್ಟಿಸಿದರೆ ವಾರ್ನಿಶ್ ಕರಗಿ ಚಿತ್ರವೇ ಎದ್ದು ಬರ್ತದೆ. ಗಾಜಿನ ಬದಿಗೆ ಮೆತ್ತಗಿನ ಒಣ ಬ್ರಷ್ ಸಾಕು. ಎದ್ದ ಲೇಪ ಕೂರಿಸುವುದು ಸಂರಕ್ಷಣೆ ಕಲಿತವರ ಕೆಲಸ. ಅಲ್ಲಿಯವರೆಗೆ ಲೇಪ ಮೇಲಾಗಿ ಮಲಗಿಸಿ ಇಡಿ. ಗಟ್ಟಿ ಇರುವ ಪ್ಲೇಟುಗಳನ್ನು ಮಾತ್ರ ಉದ್ದದ ಅಂಚಿನ ಮೇಲೆ ನಿಲ್ಲಿಸಿ ಇಡುವುದು ಕ್ರಮ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದ್ದು ಒಡೆಯುತ್ತದೆ.

ಪ್ಲೇಟನ್ನು ಸ್ಕ್ಯಾನರಿಗೆ ಹಾಕಬೇಡಿ, ಕ್ಯಾಮೆರಾದಲ್ಲೇ ತೆಗೆಯಿರಿ. ಎಲ್‌ಇಡಿ ಲೈಟ್ ಪ್ಯಾಡಿನ ಮೇಲೆ ಹಾಲುಬಿಳಿ ಅಕ್ರಿಲಿಕ್ ಹಾಳೆ, ಪ್ಲೇಟು ಅದಕ್ಕಿಂತ 3ರಿಂದ 5 ಸೆಂಟಿಮೀಟರ್ ಎತ್ತರದಲ್ಲಿ, ನಾಲ್ಕು ಮೂಲೆಗೆ ಮರದ ತುಂಡು. ಹತ್ತಿರ ಇಟ್ಟರೆ ಎಲ್‌ಇಡಿಯ ಚುಕ್ಕೆ ಚಿತ್ರದಲ್ಲಿ ಮೂಡ್ತದೆ. ಪ್ಲೇಟಿನ ಸುತ್ತ ಉಳಿದ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ, ಇಲ್ಲದಿದ್ದರೆ ಅಂಚು ಮಂಕಾಗ್ತದೆ. ಲೇಪ ಕ್ಯಾಮೆರಾ ಕಡೆಗೆ ಇರಲಿ. ಆಮೇಲೆ ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿ ನೆಗೆಟಿವನ್ನು ಪಾಸಿಟಿವ್ ಮಾಡಿ. ತಿರುಗಿಸಲು ಮರೆತರೆ ಆ ಕುಟುಂಬದ ಚಿತ್ರದ ಕಥೆಯೇ ಇಲ್ಲೂ ಆಗ್ತದೆ.

ಸಣ್ಣ ರಟ್ಟುಗಳಿಗೆ ಸ್ಕ್ಯಾನರ್ ಆಗ್ತದೆ: 1200 ಪಿಪಿಐ (ಇಂಚಿಗೆ 1200 ಬಿಂದು), 48 ಬಿಟ್ ಕಲರ್, ಟಿಫ್ ಫೈಲು. ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಬೇಡಿ, ಹಳದಿ ತಿರುಗಿದ್ದು, ಬಣ್ಣ ಹಚ್ಚಿದ್ದು ಎಲ್ಲ ಸಾಕ್ಷಿ. ತಾನಾಗಿ ಸರಿಪಡಿಸುವ ಆಯ್ಕೆಗಳೆಲ್ಲ ಆಫ್ ಇರಲಿ. ಇಡೀ ರಟ್ಟು, ಎರಡೂ ಬದಿ, ಪಕ್ಕದಲ್ಲಿ ಸ್ಕೇಲ್ ಮತ್ತು ಬೂದು ಕಾರ್ಡ್. ದೊಡ್ಡ ದೃಶ್ಯಗಳ ರಟ್ಟು ಬಾಗಿದ್ದರೆ ಸ್ಕ್ಯಾನರಿನ ಮುಚ್ಚಳ ಅದನ್ನು ಚಪ್ಪಟೆ ಮಾಡಲು ಹೋಗಿ ಮುರಿಯುತ್ತದೆ, ಮುರಿದರೆ ಫೋಟೊವೂ ಅದೇ ಗೆರೆಯಲ್ಲಿ ಎರಡಾಗ್ತದೆ. ಅವನ್ನು ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಎರಡು ದೀಪ, ಎರಡೂ 45 ಡಿಗ್ರಿ ಓರೆ, ಎಫ್ 8, ಐಎಸ್‌ಒ 100. ಕ್ಯಾಮೆರಾ ಸಮಾಂತರ ಇದೆಯೇ ಎಂದು ನೋಡಲು ಫೋಟೊ ಇಡುವ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ವ್ಯೂಫೈಂಡರಿನ ನಟ್ಟನಡುವೆ ಲೆನ್ಸಿನ ಪ್ರತಿಬಿಂಬ ಬಂದರೆ ಸರಿ.

ಇಡುವುದು ಎಲ್ಲಿ ಎಂದರೆ, ಅಟ್ಟದಲ್ಲಿ ಅಲ್ಲ, ನೆಲಕ್ಕೆ ತಾಗಿದ ಗೋಡೆ ಕಪಾಟಿನಲ್ಲಿಯೂ ಅಲ್ಲ. ಆಷಾಢದಲ್ಲಿ ನಮ್ಮ ಕಡೆ ಹೊರಗಿನ ತೇವಾಂಶ 90 ಶೇಕಡಾ ದಾಟುತ್ತದೆ. 70ರ ಮೇಲೆ ಕೆಲವು ದಿನ ನಿಂತರೆ ಬೂಸ್ಟು ಖಂಡಿತ. ಒಂದೊಂದು ಫೋಟೊಕ್ಕೂ ಆಮ್ಲವಿಲ್ಲದ ಕಾಗದದ ಹೊದಿಕೆ ಮಾಡಿ. ಪ್ಲಾಸ್ಟಿಕ್ ತೊಟ್ಟೆ ಬೇಡ, ತೇವದಲ್ಲಿ ಅದು ಫೋಟೊದ ಹೊಳಪಿಗೆ ಅಂಟಿಕೊಳ್ತದೆ. ಪಿವಿಸಿ ಅಂತೂ ಬೇಡವೇ ಬೇಡ. ಹೊದಿಕೆಯ ಮೇಲೆ ಬರೆಯುವುದಾದರೆ ಫೋಟೊ ಒಳಗೆ ಹಾಕುವ ಮೊದಲೇ ಬರೆಯಿರಿ. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ಹಾಕಿ, ಆ ಪೆಟ್ಟಿಗೆಯನ್ನು ರಬ್ಬರ್ ಅಂಚಿನ ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬದೊಳಗೆ ಇಡಿ. 20 ಲೀಟರಿನ ಡಬ್ಬಕ್ಕೆ ಸುಮಾರು 400 ಗ್ರಾಂ ಸಿಲಿಕಾ ಜೆಲ್, ಬಟ್ಟೆಯ ಚೀಲದಲ್ಲಿ, ಫೋಟೊಕ್ಕೆ ತಾಗದ ಹಾಗೆ. ಒಳಗೆ ಒಂದು ಸಣ್ಣ ತೇವಮಾಪಕ. ಮುಚ್ಚುವುದು ಒಣ ಹವೆಯ ದಿನ, ಜನವರಿ ಅಥವಾ ಫೆಬ್ರವರಿಯಲ್ಲಿ. ಜೂನಿನಲ್ಲಿ ಮುಚ್ಚಿದರೆ ಒಳಗೆ ಮಳೆಗಾಲವನ್ನೇ ಕಟ್ಟಿಟ್ಟ ಹಾಗೆ.

ಸೊಲ್ಲಾಪುರ_ಪೇಟೆ

ಒಂದು ಎಚ್ಚರಿಕಿ ಸೇರಸತೀನಿ. ನಮ್ಮ ಕಡೆ ಬ್ಯಾಸಗಿ ಹವಾ ಒಣ, ಅದರ ಪೆಟ್ಟು ಬ್ಯಾರೆ. ಡಬ್ಬಿಯೊಳಗ ತೇವಾಂಶ 30ರ ಕೆಳಗ ಇಳಿದರ ಆಲ್ಬುಮೆನ್ ಬಿರಿತದ, ರಟ್ಟು ಬಾಗತದ, ನಿಮ್ಮ ಪ್ಲೇಟಿನ ಸಿಪ್ಪಿ ಇನ್ನೂ ಏಳತದ. ಹೊಸ ಸಿಲಿಕಾ ಜೆಲ್ ಅಷ್ಟೂ ಒಮ್ಮೆ ಹಾಕಬ್ಯಾಡ್ರಿ. ಮೊದಲು ಫೋಟೊ ಇಲ್ಲದ ಡಬ್ಬಿಯಾಗ ಚೀಲ ಮತ್ತ ತೇವಮಾಪಕ ಇಟ್ಟು ನೋಡ್ರಿ. ಮುಳ್ಳು 30ರ ಕೆಳಗ ಹೋದರ ಚೀಲವನ್ನ ಹೊರಗಿನ ಗಾಳಿಗೆ ಸ್ವಲ್ಪ ಹೊತ್ತು ತೆರೆದಿಟ್ಟು ಮತ್ತ ಒಳಗ ಹಾಕ್ರಿ. 40 ಮತ್ತ 50ರ ನಡುವ ಎರಡು ಮೂರು ದಿನ ನಿಂತ ಮ್ಯಾಲ ಫೋಟೊ ಒಳಗ ಇಡ್ರಿ. ಮಳಿಗಾಲದಾಗ 55 ದಾಟಿದರ ಜೆಲ್ ತೆಗೆದು ಓವನ್ನಿನಾಗ 120 ಡಿಗ್ರಿಗೆ ಎರಡು ಮೂರು ತಾಸು ಒಣಗಿಸಿ, ಪೂರಾ ಆರಿದ ಮ್ಯಾಲ, ಅರ್ಧದಷ್ಟನ್ನ ಮಾತ್ರ ಬದಲಿ ಹಾಕ್ರಿ. ಬಣ್ಣ ಬದಲಾಗೋ ಜೆಲ್ ಕೊಳ್ಳೋದಾದರ ಕಿತ್ತಳಿ ಬಣ್ಣದ್ದು ತಗೋರಿ. ನೀಲಿದರಾಗ ಕೋಬಾಲ್ಟ್ ಇರತದ, ಮನಿಯಾಗ ಮಕ್ಕಳ ಕೈಗೆ ಸಿಗಬಾರದು.